ಪೆಟ್ಟಿಗೆಯೊಳಗಿನ ಬೇಸಿಗೆ

ರಾತ್ರಿ ಹನ್ನೊಂದರ ಹೊತ್ತಿಗೆ ಒಳಕೋಣೆಯಿಂದ ‘ಟಪ್’ ಎಂದು ಒಂದೇ ಒಂದು ಸದ್ದು ಬಂತು. ಒಣಕಟ್ಟಿಗೆ ಮುರಿದ ಹಾಗೆ. ಹಲ್ಲಿಯೋ ಇಲಿಯೋ ಏನನ್ನೋ ಬೀಳಿಸಿರಬೇಕು ಅಂದುಕೊಂಡು ಮಲಗಿದೆ. ಬೆಳಿಗ್ಗೆ ಗಿಟಾರಿನ ಪೆಟ್ಟಿಗೆ ತೆರೆದಾಗ ಗೊತ್ತಾಯಿತು. ತಂತಿಗಳನ್ನು ಹಿಡಿದಿಡುವ ಬ್ರಿಡ್ಜಿನ ಹಿಂದಿನಿಂದ ಹೊರಟು ಬುಡದ ಅಂಚಿನವರೆಗೆ, ಮರದ ಎಳೆಯ ಜಾಡು ಹಿಡಿದು, ಕೂದಲಿನಷ್ಟು ಸಣ್ಣ ಗೆರೆ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಕಿಟಕಿ ಮುಚ್ಚಿ, ಕೋಣೆ ಕತ್ತಲು ಮಾಡಿ, ಚಿಕ್ಕ ಟಾರ್ಚನ್ನು ನಡುವಿನ ಗುಂಡನೆ ತೂತಿನೊಳಗೆ ಇಳಿಸಿ ನೋಡಿದೆ. ಗೆರೆಯುದ್ದಕ್ಕೂ ಬೆಳಕು ಹೊರಗೆ ಬರುತ್ತಿತ್ತು.

ಅದು ಮಾರ್ಚ್ ತಿಂಗಳು, ಊರು ಕಲಬುರಗಿ. ಆ ಗಿಟಾರು ಮಂಗಳೂರಿನಲ್ಲಿ ಹನ್ನೆರಡು ಮಳೆಗಾಲ ಕಳೆದದ್ದು. ನನಗೆ ವರ್ಗವಾಗಿ ಅದರ ಜೊತೆ ನಾನು ಕಲಬುರಗಿಗೆ ಬಂದು ನಾಲ್ಕು ತಿಂಗಳಷ್ಟೇ ಆಗಿತ್ತು. ಅದನ್ನು ಯಾರೂ ಬೀಳಿಸಿರಲಿಲ್ಲ. ಬಿಸಿಲಿಗೆ ಇಟ್ಟಿರಲಿಲ್ಲ. ಗಟ್ಟಿ ಪೆಟ್ಟಿಗೆಯಲ್ಲಿ, ಮೆತ್ತನೆ ಹಾಸಿನ ಮೇಲೆ, ಚಿಲಕ ಹಾಕಿ ಇಟ್ಟಿದ್ದೆ. ಮಲಗಿದ್ದಲ್ಲೇ ಒಡೆದಿತ್ತು.

ಪೆಟ್ಟಿಗೆಯ ಮೂಲೆಯಲ್ಲಿ ಎಂಟು ಬಿಳಿ ಪೊಟ್ಟಣಗಳಿದ್ದವು. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುತ್ತವಲ್ಲ, ಸಿಲಿಕಾ ಜೆಲ್, ಅವು. ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಆಷಾಢ ಅಂದರೆ ಬೂಷ್ಟು. ಬೆಲ್ಟಿಗೆ, ಪುಸ್ತಕದ ಬೆನ್ನಿಗೆ, ಮದುವೆಯ ಕೋಟಿಗೆ, ಎಲ್ಲದಕ್ಕೂ ಬೂಷ್ಟು. ಅದಕ್ಕೇ ಪೊಟ್ಟಣ ಕೂಡಿಡುವುದು ನಮ್ಮ ಮನೆಗಳ ರೂಢಿ. ಒಣಗಿದ್ದರೆ ಉಳಿಯುತ್ತದೆ, ಒದ್ದೆಯಾದರೆ ಹಾಳಾಗುತ್ತದೆ ಎಂಬುದು ನನ್ನ ಮೈಗೆ ಹತ್ತಿದ ತಿಳಿವಳಿಕೆ. ಅದನ್ನೇ ಕಟ್ಟಿಕೊಂಡು ಬಂದು ಬಿಸಿಲೂರಿನ ಒಣಗಾಳಿಗೆ ಇನ್ನಷ್ಟು ಬಲ ಕೊಟ್ಟಿದ್ದೆ. ಆ ಮರದಲ್ಲಿ ಅಷ್ಟಿಷ್ಟು ಉಳಿದಿದ್ದ ನೀರನ್ನು ಎಂಟು ಪೊಟ್ಟಣಗಳು ನಾಲ್ಕು ತಿಂಗಳು ಕೂತು ಹೀರಿದ್ದವು.

ಈ ತಪ್ಪು ನನ್ನೊಬ್ಬನದೇ ಅಲ್ಲ ಎಂದು ಆಮೇಲೆ ತಿಳಿಯಿತು. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಈಗ ಎಷ್ಟೋ ಮನೆಗಳಲ್ಲಿ ಒಳ್ಳೆಯ ಗಿಟಾರುಗಳಿವೆ. ಮಕ್ಕಳಿಗೆ ಅಂತ ಕೊಂಡವು, ಸಂಬಳ ಕೂಡಿಟ್ಟು ಕೊಂಡವು. ಮಳೆಯಿಂದ ಅವುಗಳನ್ನು ಕಾಪಾಡಬೇಕು ಎಂಬುದು ಎಲ್ಲರಿಗೂ ಗೊತ್ತು. ಜನವರಿಯಿಂದ ಮೇವರೆಗಿನ ಗಾಳಿಯಿಂದ ಕಾಪಾಡಬೇಕು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹೆಚ್ಚು ಗಿಟಾರುಗಳು ಒಡೆಯುವುದು ಮಾತ್ರ ಆ ಗಾಳಿಗೇ.

ಗಾಳಿ ಮರದಿಂದ ನೀರು ಕದಿಯುವುದು ಹೇಗೆ ಎಂದು ನನಗೆ ಅರ್ಥವಾದದ್ದು ನಮ್ಮ ಓನರ್ ಮನೆಯ ಅಂಗಳದ ಮಣ್ಣಿನ ಗಡಿಗೆಯಿಂದ. ಮಂಗಳೂರಿನ ಗಡಿಗೆಯಲ್ಲಿ ನೀರು ಅಷ್ಟೊಂದು ತಣ್ಣಗಾಗುವುದಿಲ್ಲ. ಕಲಬುರಗಿಯ ಗಡಿಗೆಯ ನೀರು ಏಪ್ರಿಲ್ ಮಧ್ಯಾಹ್ನದಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಂಪು. ಗಾಳಿ ಒಣಗಿದಷ್ಟೂ ಗಡಿಗೆಯ ಮೈಯಿಂದ ನೀರು ಬೇಗ ಆವಿಯಾಗುತ್ತದೆ, ಆವಿಯಾದಷ್ಟೂ ಒಳಗಿನದು ತಣ್ಣಗಾಗುತ್ತದೆ. ಗಡಿಗೆಯ ನೀರು ಅಮೃತದಂತಾಗುವ ದಿನವೇ ಗಿಟಾರಿಗೆ ಕೆಟ್ಟ ದಿನ. ಗಡಿಗೆಯಿಂದ ನೀರೆಳೆಯುವ ಅದೇ ಗಾಳಿ ಗಿಟಾರಿನಿಂದಲೂ ಎಳೆಯುತ್ತಿರುತ್ತದೆ. ಗಡಿಗೆಗೆ ನಾವು ದಿನಾ ಸಂಜೆ ನೀರು ತುಂಬುತ್ತೇವೆ.

ಹದ ಮಾಡಿದ ಮರದಲ್ಲೂ ನೀರಿರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 50 ಇದ್ದಾಗ ಮರ ತನ್ನ ಒಣತೂಕದ ಶೇ 9ರಷ್ಟು ನೀರನ್ನು ಹಿಡಿದುಕೊಂಡು ನಿಲ್ಲುತ್ತದೆ. ಆರ್ದ್ರತೆ ಶೇ 80ಕ್ಕೆ ಏರಿದರೆ ಅದು ಶೇ 16ರ ಹತ್ತಿರಕ್ಕೆ ಹೋಗುತ್ತದೆ. ಶೇ 20ಕ್ಕೆ ಇಳಿದರೆ ನಾಲ್ಕೂವರೆಗೆ ಬರುತ್ತದೆ. ನೀರು ಬಿಟ್ಟ ಮರ ಕುಗ್ಗುತ್ತದೆ, ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಕುಗ್ಗುವುದೆಲ್ಲ ಅಡ್ಡಕ್ಕೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ಬೇಸಿಗೆಯಲ್ಲಿ ಅದೇ ಬಾಗಿಲಿನ ಹಲಗೆಗಳ ನಡುವೆ ಬೆಳಕು ಕಾಣುವುದು ಇದರಿಂದಲೇ. ಬಾಗಿಲು ಮಾಡುವ ಬಡಗಿಗೆ ಇದು ಗೊತ್ತು. ಹಲಗೆಯನ್ನು ಚೌಕಟ್ಟಿಗೆ ಮೊಳೆ ಹೊಡೆದು ಬಿಗಿಯುವುದಿಲ್ಲ, ತೋಡಿನಲ್ಲಿ ಕೂರಿಸಿ ಅತ್ತಿತ್ತ ಸರಿಯಲು ಜಾಗ ಬಿಡುತ್ತಾನೆ.

ಗಿಟಾರಿನಲ್ಲಿ ಆ ಜಾಗವೇ ಇಲ್ಲ. ಮುಂಭಾಗದ ಹಲಗೆ, ನುಡಿಸುವವರು ‘ಟಾಪ್’ ಎನ್ನುವುದು, ಹೆಚ್ಚಾಗಿ ಸ್ಪ್ರೂಸ್ ಮರದ್ದು. ದಪ್ಪ ಮೂರು ಮಿಲಿಮೀಟರಿಗೂ ಕಡಿಮೆ. ದೊಡ್ಡ ಗಿಟಾರಿನಲ್ಲಿ ಅದರ ಅಗಲ ಸುಮಾರು 40 ಸೆಂಟಿಮೀಟರ್. ಆರ್ದ್ರತೆ ಶೇ 50ರಿಂದ 20ಕ್ಕೆ ಇಳಿದು ಹಾಗೇ ನಿಂತರೆ, ಬಿಡಿಯಾಗಿಟ್ಟ ಇಂಥ ಹಲಗೆ ಸುಮಾರು ಎರಡೂವರೆ ಮಿಲಿಮೀಟರ್ ಕಿರಿದಾಗುತ್ತದೆ. ಗಿಟಾರಿನಲ್ಲಿ ಅದು ಬಿಡಿಯಾಗಿಲ್ಲ. ಸುತ್ತಲೂ ಅಂಚಿಗೆ ಅಂಟಿಸಿದ್ದಾರೆ. ಒಳಗೆ ಅಡ್ಡಡ್ಡ ಪಟ್ಟಿಗಳನ್ನು ಅಂಟಿಸಿದ್ದಾರೆ. ಮೇಲೆ ಬ್ರಿಡ್ಜ್ ಇದೆ, ಅದರ ಎಳೆ ಟಾಪಿನ ಎಳೆಗೆ ಅಡ್ಡವಾಗಿದೆ. ಟಾಪ್ ಯಾವ ದಿಕ್ಕಿಗೆ ಕುಗ್ಗಲು ಎಳೆಯುತ್ತದೋ ಆ ದಿಕ್ಕಿಗೆ ಬ್ರಿಡ್ಜ್ ಕುಗ್ಗುವುದೇ ಇಲ್ಲ. ಇದರ ಮೇಲೆ ಆರು ಉಕ್ಕಿನ ತಂತಿಗಳು ಹಗಲೂ ರಾತ್ರಿ 70 ಕಿಲೋಗೂ ಮಿಕ್ಕಿದ ಬಲದಿಂದ ಎಳೆಯುತ್ತಿವೆ. ಕುಗ್ಗಲೂ ಆಗದ, ಸರಿಯಲೂ ಆಗದ ಹಲಗೆ ಕೊನೆಗೆ ಸೀಳಿಕೊಳ್ಳುತ್ತದೆ. ನನ್ನ ಗಿಟಾರಿನಲ್ಲಿ ಗೆರೆ ಬ್ರಿಡ್ಜಿನ ಹಿಂದಿನಿಂದಲೇ ಯಾಕೆ ಹೊರಟಿತ್ತು ಎಂಬುದಕ್ಕೆ ಉತ್ತರ ಅಲ್ಲೇ ಇತ್ತು. ಇನ್ನು ಕೆಲವಲ್ಲಿ ಕತ್ತಿನ ಮೇಲೆ ಬೆರಳೊತ್ತುವ ಪಟ್ಟಿಯಾದ ಫಿಂಗರ್‌ಬೋರ್ಡ್ ಟಾಪಿನ ಮೇಲೆ ಬಂದು ಕೂರುವ ಕಡೆ, ಅದರ ಪಕ್ಕದಲ್ಲೇ ಬಿರುಕು ಬೀಳುತ್ತದೆ. ಕಾರಣ ಒಂದೇ, ಜಾಗ ಬೇರೆ.

ಹೊರಗೆಲ್ಲ ಪಾಲಿಶ್ ಇದೆಯಲ್ಲ, ಗಾಳಿ ಹೇಗೆ ಮುಟ್ಟುತ್ತದೆ ಎಂದು ನಾನೂ ಕೇಳಿದ್ದೆ. ಗಿಟಾರಿನ ಒಳಗೆ ಕೈ ಹಾಕಿ ಸವರಿ ನೋಡಿ. ಬರಿ ಮರ, ಯಾವ ಲೇಪವೂ ಇಲ್ಲ. ನೀರು ಹೋಗುವುದೂ ಬರುವುದೂ ಹೆಚ್ಚಾಗಿ ಆ ಒಳಮೈಯಿಂದಲೇ.

ಬಿರುಕು ಬೀಳುವ ಮೊದಲು ಗಿಟಾರು ಸೂಚನೆ ಕೊಡದೆ ಇರುವುದಿಲ್ಲ. ನನ್ನದೂ ಎರಡು ತಿಂಗಳು ಹೇಳುತ್ತಲೇ ಇತ್ತು. ಜನವರಿಯಲ್ಲಿ ಒಮ್ಮೆ ಎಡಗೈಯನ್ನು ಕತ್ತಿನುದ್ದಕ್ಕೂ ಜಾರಿಸುವಾಗ ಹೆಬ್ಬೆರಳ ಬುಡಕ್ಕೆ ಏನೋ ಚುಚ್ಚಿತು. ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಫ್ರೆಟ್ಟುಗಳ ತುದಿಗಳು ಬಾಚಣಿಗೆಯ ಹಲ್ಲಿನ ಹಾಗೆ ಹೊರಗೆ ಚಾಚಿದ್ದವು. ಲೋಹ ಬೆಳೆದಿರಲಿಲ್ಲ. ಕೆಳಗಿನ ಮರ ಕಿರಿದಾಗಿತ್ತು. ಫೆಬ್ರವರಿಯಲ್ಲಿ ಮೇಲಿನ ಫ್ರೆಟ್ಟುಗಳಲ್ಲಿ ತಂತಿ ಜೇನಿನ ಹಾಗೆ ಗುಂಯ್‌ಗುಡತೊಡಗಿತು. ತಂತಿ ಹಳೆಯದಾಗಿದೆ ಅಂದುಕೊಂಡು ಹೊಸ ಸೆಟ್ ಹಾಕಿದೆ. ನಿಜದಲ್ಲಿ ಟಾಪ್ ಒಣಗಿ ಕೆಳಗೆ ಕುಸಿದು, ಅದರ ಜೊತೆ ಬ್ರಿಡ್ಜೂ ಇಳಿದು, ತಂತಿ ಫ್ರೆಟ್ಟಿಗೆ ತಾಗುತ್ತಿತ್ತು. ಮಕ್ಕಳ ಕಂಪಾಸಿನ ಪೆಟ್ಟಿಗೆಯಲ್ಲಿರುವ ಸ್ಕೇಲೇ ಸಾಕು ಇದನ್ನು ಕಂಡುಹಿಡಿಯಲು. ಬ್ರಿಡ್ಜಿನ ಹಿಂದೆ ಟಾಪಿಗೆ ಅಡ್ಡಲಾಗಿ ಸ್ಕೇಲಿನ ಅಂಚು ಇಡಿ. ಆರೋಗ್ಯವಾದ ಗಿಟಾರಿನ ಟಾಪ್ ಪೂರ್ತಿ ಚಪ್ಪಟೆ ಇರುವುದಿಲ್ಲ, ನಡುವೆ ತುಸು ಉಬ್ಬಿರುತ್ತದೆ, ಸ್ಕೇಲು ಅತ್ತಿತ್ತ ತೂಗುತ್ತದೆ. ತೂಗದೆ ನಿಂತಿತು, ಅಥವಾ ನಡುವೆ ಸ್ಕೇಲಿನ ಕೆಳಗೆ ಸಂದು ಕಾಣಿಸಿತು ಅಂದರೆ ಮರಕ್ಕೆ ನೀರು ಬೇಕಾಗಿದೆ. ಮಳೆಗಾಲದಲ್ಲಿ ಇದರ ತದ್ವಿರುದ್ಧ. ಟಾಪ್ ಉಬ್ಬಿ ತಂತಿ ಮೇಲೇರಿ ಬೆರಳು ನೋಯುತ್ತದೆ, ಸದ್ದು ಮಂಕಾಗುತ್ತದೆ. ಆದರೆ ಉಬ್ಬಿದ್ದು ಮಳೆ ಕಳೆದ ಮೇಲೆ ಬಹುಮಟ್ಟಿಗೆ ಇಳಿಯುತ್ತದೆ. ಸೀಳಿದ್ದು ತಾನಾಗಿ ಕೂಡಿಕೊಳ್ಳುವುದಿಲ್ಲ.

ಗಿಟಾರನ್ನು ಬೆಂಗಳೂರಿಗೆ ಒಯ್ದೆ. ರಿಪೇರಿ ಮಾಡುವವರು ಹಿರಿಯರು. ಬಿರುಕು ನೋಡಿದರು, ಮೂಲೆಯ ಪೊಟ್ಟಣಗಳನ್ನು ನೋಡಿದರು, ಏನೂ ಹೇಳದೆ ಅವುಗಳನ್ನು ಎತ್ತಿ ಪಕ್ಕಕ್ಕಿಟ್ಟರು. ಅಂಟು ಎಷ್ಟು ದಿನಕ್ಕೆ ಒಣಗುತ್ತದೆ ಎಂದು ನಾನು ಕೇಳಿದ್ದಕ್ಕೆ, “ಅಂಟಿನ ಮಾತು ಆಮೇಲೆ. ಮೊದಲು ನೀರು ಕುಡಿಸಬೇಕು” ಅಂದರು. ತಂತಿ ಸಡಿಲಿಸಿ, ಹಿಂಡಿದ ಸ್ಪಂಜುಗಳನ್ನು ತೂತುಳ್ಳ ಡಬ್ಬಿಗಳಲ್ಲಿ ಹಾಕಿ ಗಿಟಾರಿನ ಒಳಗೊಂದು, ತಲೆಯ ಹತ್ತಿರವೊಂದು ಇಟ್ಟು, ಪೆಟ್ಟಿಗೆ ಮುಚ್ಚಿದರು. ಹತ್ತು ದಿನ ಬಿಟ್ಟು ಹೋದಾಗ ಬಿರುಕು ಮುಚ್ಚಿಕೊಂಡಿತ್ತು. ಗೆರೆ ಇತ್ತು, ಬೆಳಕು ಬರುತ್ತಿರಲಿಲ್ಲ, ಉಗುರು ಸಿಕ್ಕಿಕೊಳ್ಳುತ್ತಿರಲಿಲ್ಲ. ಆಮೇಲೆ ಅವರು ಬಿಸಿ ಅಂಟನ್ನು ಬೆರಳ ತುದಿಯಿಂದ ಗೆರೆಯೊಳಕ್ಕೆ ತಿಕ್ಕಿ ತಿಕ್ಕಿ ಇಳಿಸಿದರು. ಒಳಗಡೆ ಬಿರುಕಿನುದ್ದಕ್ಕೂ, ಬೆರಳುಗುರಿನಷ್ಟು ಚಿಕ್ಕ, ಶಂಕರಪೋಳಿಯಾಕಾರದ ಸ್ಪ್ರೂಸ್ ತುಂಡುಗಳನ್ನು ಎಳೆ ಅಡ್ಡ ಬರುವಂತೆ ಅಂಟಿಸಿದರು. ತೆರೆದ ಬಿರುಕಿಗೇ ಅಂಟು ತುಂಬಿಬಿಟ್ಟರೆ ಮಳೆಗಾಲದಲ್ಲಿ ಮರ ಹಿಗ್ಗಲು ಜಾಗವಿಲ್ಲದೆ ಪಕ್ಕದಲ್ಲೇ ಇನ್ನೊಂದು ತೊಂದರೆ ಶುರುವಾಗುತ್ತದಂತೆ. ಅವಸರದ ರಿಪೇರಿಗೆ ಯಾರಾದರೂ ಒಪ್ಪಿದರೆ ನೀವು ಒಪ್ಪಬೇಡಿ.

ಆ ಗಿಟಾರಿನ ಬೆನ್ನು ಮತ್ತು ಪಕ್ಕೆಗಳು ಬೀಟೆ ಮರದವು. ಅದನ್ನು ತಿರುಗಿಸಿ ಬೆಳಕಿಗೆ ಹಿಡಿದು ಆ ಹಿರಿಯರು ನೇರಳೆ-ಕಂದು ಎಳೆಗಳ ಮೇಲೆ ಕೈಯಾಡಿಸಿದ್ದು ನನಗೆ ಈಗಲೂ ನೆನಪಿದೆ. ನಮ್ಮ ಪಶ್ಚಿಮಘಟ್ಟದ ಕಾಡಿನ ಮರ ಅದು. ಮೈಸೂರಿನ ಕೆತ್ತನೆಗಾರರು ಅದರಲ್ಲೇ ಚಿತ್ತಾರ ಕೂರಿಸುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ನಜರೆತ್ ಎಂಬ ಪುಟ್ಟ ಊರಿನ ಮಾರ್ಟಿನ್ ಕಂಪನಿ 1833ರಲ್ಲಿ ಶುರುವಾದದ್ದು. ತನ್ನ ಹೆಸರುವಾಸಿ ಗಿಟಾರುಗಳಿಗೆ ಬಹುಕಾಲ ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿತ್ತು. ಆ ಮರ ಸಿಗುವುದು ಕಷ್ಟವಾದಾಗ, 1969ರಲ್ಲಿ, ಅದು ಭಾರತದ ಬೀಟೆಗೆ ಬದಲಾಯಿಸಿತು. ಇವತ್ತು ಪ್ರಪಂಚದ ಮೂಲೆಮೂಲೆಯಲ್ಲಿ ನುಡಿಯುವ ಎಷ್ಟೋ ಗಿಟಾರುಗಳ ಬೆನ್ನಲ್ಲಿ ಬೀಟೆ ಇದೆ. ಒಂದು ಬೀಟೆ ಬಲಿಯಲು ತಲೆಮಾರುಗಳೇ ಬೇಕು. ಅದೇ ಕುಲದ ಮರಗಳು ಅಳಿಯುತ್ತಿರುವ ಕಾರಣ 2017ರಿಂದ ಅವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದಡಿ ಕಟ್ಟುಪಾಡುಗಳಿವೆ. 2019ರಲ್ಲಿ ತಯಾರಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ಕೊಟ್ಟರು, ಮರಕ್ಕೆ ಕೊಡಲಿಲ್ಲ. ಇಷ್ಟು ದೂರ ಬಂದ ಮರ ನಮ್ಮ ಮನೆಯ ಕಪಾಟಿನಲ್ಲಿ, ಒಂದು ಒದ್ದೆ ಸ್ಪಂಜು ಇಡಲಿಲ್ಲ ಎಂಬ ಕಾರಣಕ್ಕೆ ಒಡೆಯುವುದು ನನಗೆ ಸಹಿಸಲು ಆಗದ ಮಾತು.

ಮಾರ್ಟಿನ್ ಕಾರ್ಖಾನೆಯೊಳಗೆ ಆರ್ದ್ರತೆಯನ್ನು ಶೇ 45ರಿಂದ 55ರ ನಡುವೆ ಕಾಯುತ್ತಾರೆ. ಬೇರೆ ಒಳ್ಳೆಯ ತಯಾರಕರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಅಂಟು ಹಾಕುವ ಗಳಿಗೆಯಲ್ಲಿ ಮರ ಎಷ್ಟು ಅಗಲವಿತ್ತೋ ಅಷ್ಟೇ ಅಗಲದಲ್ಲಿ ಅದನ್ನು ಉಳಿಸಿಕೊಳ್ಳುವುದು ಮುಂದೆ ನಮ್ಮ ಕೆಲಸ. ಈ 45–55 ಎಂಬ ಅಂಕೆಯ ಗುಟ್ಟು ಇಷ್ಟೇ.

ನನ್ನ ಅಕ್ಕ ಇರುವುದು ಮಿನಿಯಾಪೊಲಿಸ್‌ನಲ್ಲಿ. ಅವಳ ಮನೆಯಲ್ಲಿ ಮಗನ ಗಿಟಾರೂ ಇದೆ, ಊರಿಂದ ಒಯ್ದ ಹಲಸಿನ ಮರದ ವೀಣೆಯೂ ಇದೆ. ಕಲಬುರಗಿಯ ಏಪ್ರಿಲ್ ಗಿಟಾರಿಗೆ ಏನು ಮಾಡುತ್ತದೋ ಅದನ್ನೇ ಅಲ್ಲಿ ಜನವರಿ ಮಾಡುತ್ತದೆ. ಹೊರಗೆ ಹಿಮ ಬಿದ್ದಿರುವಾಗ ಗಾಳಿ ಒಣಗಿರುವುದು ಹೇಗೆ ಎಂದು ಅವಳು ಕೇಳಿದಾಗ ನಾವಿಬ್ಬರೂ ಫೋನಿನಲ್ಲಿ ಕೂತು ಲೆಕ್ಕ ಹಾಕಿದೆವು. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಗಾಳಿ ಪೂರ್ತಿ ತುಂಬಿಕೊಂಡರೂ ಒಂದು ಘನ ಮೀಟರಿನಲ್ಲಿ ಎರಡೂಕಾಲು ಗ್ರಾಮಿನಷ್ಟು ಆವಿ ಮಾತ್ರ ಹಿಡಿಯಬಲ್ಲದು. ಆ ಗಾಳಿ ಮನೆಯೊಳಗೆ ಬಂದು ಹೀಟರಿನಿಂದ 20 ಡಿಗ್ರಿಗೆ ಕಾದರೆ ಅದಕ್ಕೆ 17 ಗ್ರಾಮಿಗೂ ಮೇಲೆ ಹಿಡಿಯುವ ಶಕ್ತಿ ಬರುತ್ತದೆ, ಕೈಯಲ್ಲಿರುವುದು ಅದೇ ಎರಡೂಕಾಲು. ಅಂದರೆ ಶೇ 13. ಅಡುಗೆ, ಸ್ನಾನ, ಉಸಿರು ಎಲ್ಲ ಸೇರಿ ಅದನ್ನು ತುಸು ಎತ್ತಬಹುದು, ಅಷ್ಟೇ. ಅಲ್ಲಿನವರು ಇದನ್ನು ಬಲ್ಲರು. ಚಳಿಗಾಲ ಬಂತೆಂದರೆ ಗಿಟಾರನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಗೆ ಸೇರಿಸುತ್ತಾರೆ. ಇಡೀ ಮನೆಗೆ ಹ್ಯೂಮಿಡಿಫೈಯರ್ ಹಾಕಿ ಶೇ 45ಕ್ಕೆ ಏರಿಸಹೋದರೆ ಕಿಟಕಿಯ ಗಾಜಿನ ಒಳಮೈಯಲ್ಲಿ ನೀರಿಳಿದು ಚೌಕಟ್ಟು ಕೊಳೆಯುತ್ತದೆ. ಅದಕ್ಕೇ ಮನೆಯನ್ನು ಬಿಟ್ಟು ಪೆಟ್ಟಿಗೆಯ ಹವೆಯನ್ನಷ್ಟೇ ಸರಿಪಡಿಸುತ್ತಾರೆ. ಅಕ್ಕನೂ ಈಗ ಹಾಗೇ ಮಾಡುತ್ತಾಳೆ. ವೀಣೆಗೂ ಒಂದು ಪೆಟ್ಟಿಗೆ ಮಾಡಿಸಿದ್ದಾಳೆ.

ನಮ್ಮಲ್ಲಿ ಹೆಚ್ಚು ಮೋಸ ಹೋಗುವುದು ಬೆಂಗಳೂರಿನವರು. ತಂಪು ಊರು ಎಂಬ ನಂಬಿಕೆ ಅದಕ್ಕೆ ಕಾರಣ. ಆದರೆ ತಂಪು ಬೇರೆ, ತೇವ ಬೇರೆ. ಮಾರ್ಚಿನಲ್ಲಿ ಅಲ್ಲಿ ಬೆಳಗಿನ ಗಾಳಿ ಹಿತವಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಆರ್ದ್ರತೆ ಶೇ 30ರ ಆಸುಪಾಸಿಗೆ ಕುಸಿಯುತ್ತದೆ. ತುಟಿ ಒಡೆದಾಗ ನಾವು ವ್ಯಾಸಲೀನ್ ಹಚ್ಚುತ್ತೇವೆ, ಗಿಟಾರು ಮಾತ್ರ ಏಳನೇ ಮಹಡಿಯ ಬಾಲ್ಕನಿ ಪಕ್ಕದ ಗೋಡೆಯಲ್ಲಿ ಅಂದವಾಗಿ ನೇತಾಡುತ್ತಿರುತ್ತದೆ. ಏಸಿ ಹಾಕಿದರೆ ಗಾಳಿಯಲ್ಲಿರುವ ನೀರೂ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಕಲಬುರಗಿ, ರಾಯಚೂರಿನವರ ಕೂಲರ್ ಇದಕ್ಕೆ ತದ್ವಿರುದ್ಧ, ನೀರು ಹಾಯಿಸಿದ ಗಾಳಿಯನ್ನೇ ಒಳಗೆ ತರುತ್ತದೆ. ಕೂಲರ್ ಓಡುವ ಕೋಣೆ ಗಿಟಾರಿಗೆ ಸ್ವಲ್ಪ ಮೇಲು. ಆದರೆ ಕರೆಂಟು ಹೋದರೆ ಅರ್ಧ ದಿನದಲ್ಲಿ ಎಲ್ಲ ಮೊದಲಿನಂತೆ. ಮರಕ್ಕೆ ಇಂಥ ಏರಿಳಿತ ಆಗುವುದಿಲ್ಲ. ಮುಚ್ಚಿದ ಪೆಟ್ಟಿಗೆ ಈ ಏರಿಳಿತವನ್ನು ಅಷ್ಟು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನುಡಿಸಿದ ಮೇಲೆ ಗಿಟಾರನ್ನು ಪೆಟ್ಟಿಗೆಗೆ ಇಟ್ಟು ಮುಚ್ಚುವ ಅಭ್ಯಾಸವೊಂದೇ ಅರ್ಧ ಕೆಲಸ ಮಾಡುತ್ತದೆ.

ಉಳಿದರ್ಧಕ್ಕೆ ಮೊದಲು ಬೇಕಾದದ್ದು ಆರ್ದ್ರತೆ ಅಳೆಯುವ ಹೈಗ್ರೋಮೀಟರ್. ಬೆಂಕಿಪೊಟ್ಟಣದಷ್ಟು ಚಿಕ್ಕದು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಗ್ಗದವು ಸುಳ್ಳು ಹೇಳುವುದುಂಟು, ಹಾಗಾಗಿ ಪರೀಕ್ಷೆ ಮಾಡಿಯೇ ನಂಬಬೇಕು. ಪರೀಕ್ಷೆಗೆ ಅಡುಗೆಮನೆಯ ಉಪ್ಪು ಸಾಕು. ಬಾಟಲಿಯ ಮುಚ್ಚಳದ ತುಂಬ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ಮಾತ್ರ ಹನಿ ನೀರು ಬಿಡಿ. ಉಪ್ಪು ಕರಗಿಹೋಗಬಾರದು. ಗಾಳಿಯಾಡದ ಡಬ್ಬಿಯಲ್ಲಿ ಅದನ್ನೂ ಹೈಗ್ರೋಮೀಟರನ್ನೂ ಒಂದಕ್ಕೊಂದು ತಾಗದಂತೆ ಇಟ್ಟು ಒಂದು ದಿನ ಮುಚ್ಚಿಡಿ. ಒಳಗಿನ ಆರ್ದ್ರತೆ ಶೇ 75ಕ್ಕೆ ಬಂದು ನಿಂತಿರುತ್ತದೆ. ಉಪ್ಪಿನ ಗುಣವೇ ಅದು. ಮೀಟರ್ 70 ತೋರಿಸಿದರೆ ಮುಂದೆ ಯಾವಾಗಲೂ ಐದು ಕೂಡಿಸಿ ಓದಿದರಾಯಿತು.

ಬೇರೆ ಬೇರೆ ಲವಣದ ದ್ರಾವಣಗಳು ಬೇರೆ ಬೇರೆ ಅಂಕೆಯಲ್ಲಿ ಗಾಳಿಯನ್ನು ಹಿಡಿದು ನಿಲ್ಲಿಸುತ್ತವೆ. ಅಕ್ಕನ ಪೆಟ್ಟಿಗೆಯಲ್ಲಿರುವ ಕಂದು ಪೊಟ್ಟಣಗಳ ಒಳಗೂ ಇದೇ ವಿದ್ಯೆ. ಅವುಗಳನ್ನು ಮಾಡುವ ಬೊವೆಡಾ ಕಂಪನಿ ಇರುವುದೂ ಅಕ್ಕನ ಊರಿರುವ ಮಿನೆಸೋಟ ರಾಜ್ಯದಲ್ಲೇ. ಮರದ ವಾದ್ಯಗಳಿಗೆಂದು ಮಾಡಿದ ಪೊಟ್ಟಣ ಶೇ 49ಕ್ಕೆ ಹೊಂದಿಸಿದ್ದು. ಗಾಳಿ ಒಣಗಿದ್ದರೆ ಆವಿ ಬಿಡುತ್ತದೆ, ತೇವ ಹೆಚ್ಚಾದರೆ ಹೀರಿಕೊಳ್ಳುತ್ತದೆ. ಅನುಕೂಲವೇನೋ ನಿಜ, ಆದರೆ ತಿಂಗಳುಗಳಲ್ಲಿ ಒಣಗಿ ಗಟ್ಟಿಯಾಗುತ್ತವೆ, ಮತ್ತೆ ಕೊಳ್ಳಬೇಕು. ನಮ್ಮ ಬೇಸಿಗೆಗೆ ನಾನು ನೆಚ್ಚಿರುವುದು ಸೋಪಿನ ಡಬ್ಬಿಯನ್ನು. ಪ್ರಯಾಣಕ್ಕೆ ಒಯ್ಯುವ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಕ್ಕೆ ಕಾಯಿಸಿದ ದಬ್ಬಳದಿಂದ ಹತ್ತಿಪ್ಪತ್ತು ತೂತು, ಒಳಗೆ ಪಾತ್ರೆ ತೊಳೆಯುವ ಹೊಸ ಸ್ಪಂಜು. ಸ್ಪಂಜನ್ನು ನೀರಲ್ಲಿ ಅದ್ದಿ, ಹಿಂಡಿ, ಇನ್ನೊಮ್ಮೆ ಹಿಂಡಿ, ಡಬ್ಬಿಯನ್ನು ತಲೆಕೆಳಗು ಮಾಡಿದರೂ ಒಂದು ಹನಿ ಬೀಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಇಡಬೇಕು. ನೀರು ಶುದ್ಧೀಕರಿಸಿದ್ದೇ ಆಗಬೇಕು, ಬೋರಿನ ಗಡಸು ನೀರು ಸ್ಪಂಜನ್ನು ಸುಣ್ಣಗಟ್ಟಿಸುತ್ತದೆ. ಪೆಟ್ಟಿಗೆಯಲ್ಲಿ ಗಿಟಾರಿನ ತಲೆಯ ಕೆಳಗೆ ಒಂದು ಡಬ್ಬಿ, ಸೊಂಟದ ಪಕ್ಕದ ಸಂದಿನಲ್ಲಿ ಇನ್ನೊಂದು. ಏಪ್ರಿಲಿನಲ್ಲಿ ಎರಡು ದಿನಕ್ಕೊಮ್ಮೆ ಸ್ಪಂಜು ಒಣಗಿರುತ್ತದೆ, ಡಿಸೆಂಬರಿನಲ್ಲಿ ವಾರ ತಡೆಯುತ್ತದೆ. ಒಣಗಿದ ಗಿಟಾರನ್ನು ಬಚ್ಚಲಮನೆಯ ಹಬೆಯಲ್ಲಿ ಇಟ್ಟು ಒಂದೇ ದಿನದಲ್ಲಿ ಸರಿಮಾಡಲು ಹೋಗಬೇಡಿ. ತಿಂಗಳುಗಟ್ಟಲೆ ಕಳೆದುಕೊಂಡದ್ದನ್ನು ಮರ ವಾರಗಟ್ಟಲೆ ನಿಧಾನವಾಗಿಯೇ ವಾಪಸು ಪಡೆಯಬೇಕು. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಗಿಟಾರು ಬಿಟ್ಟು ಊಟಕ್ಕೆ ಹೋಗುವುದಂತೂ ಬೇಡವೇ ಬೇಡ, ಆ ಕಾವಿಗೆ ಅಂಟೇ ಸಡಿಲುತ್ತದೆ.

ಪ್ಲೈವುಡ್ ಗಿಟಾರಿಗೆ ಇದೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಕಲಿಯುವವರ ಮೊದಲ ಗಿಟಾರು ಬಹುಮಟ್ಟಿಗೆ ಅದೇ. ಅದರ ಪದರಗಳ ಎಳೆ ಒಂದಕ್ಕೊಂದು ಅಡ್ಡ ಇರುವುದರಿಂದ ಟಾಪ್ ಅಷ್ಟು ಸುಲಭವಾಗಿ ಸೀಳುವುದಿಲ್ಲ. ಆದರೆ ಕತ್ತು, ಫಿಂಗರ್‌ಬೋರ್ಡ್, ಬ್ರಿಡ್ಜ್ ಅದರಲ್ಲೂ ಗಟ್ಟಿಮರವೇ. ಫ್ರೆಟ್ಟು ಚುಚ್ಚುವುದು, ಬ್ರಿಡ್ಜ್ ಏಳುವುದು ತಪ್ಪಿದ್ದಲ್ಲ. ಹತ್ತು ವರ್ಷದ ಹುಡುಗಿಯ ಬೆರಳಿಗೆ ಫ್ರೆಟ್ಟಿನ ತುದಿ ಚುಚ್ಚಿದರೆ ಅವಳು ಹೈಗ್ರೋಮೀಟರ್ ಹುಡುಕುವುದಿಲ್ಲ, ಗಿಟಾರು ಬಿಟ್ಟುಬಿಡುತ್ತಾಳೆ. ಕ್ಲಾಸು ನಡೆಸುವವರು ಇದನ್ನು ತಂದೆತಾಯಿಗೆ ಮೊದಲ ದಿನವೇ ಹೇಳಬೇಕು ಎಂದು ನನಗೆ ಅನಿಸುತ್ತದೆ.

ನನ್ನ ಗಿಟಾರು ಆಮೇಲೆ ಕಲಬುರಗಿಯಲ್ಲಿ ಎರಡು ಬೇಸಿಗೆ ಕಳೆದಿದೆ. ಹಳೆಯ ಗೆರೆ ಹಾಗೇ ಇದೆ, ವಾರ್ನಿಷ್ ಕೆಳಗೆ ತುಸು ಕಪ್ಪಾಗಿ. ಸಂಜೆ ಗಡಿಗೆಗೆ ನೀರು ತುಂಬುವ ಸದ್ದು ಅಂಗಳದಿಂದ ಕೇಳಿದಾಗ ನನಗೆ ಸ್ಪಂಜಿನ ನೆನಪಾಗುತ್ತದೆ. ಪೆಟ್ಟಿಗೆ ತೆರೆದು ಮೀಟರ್ ನೋಡುತ್ತೇನೆ. ಹೊರಗೆ 19 ಇದ್ದ ದಿನ ಒಳಗೆ 46 ಇತ್ತು. ಜೂನಿನಲ್ಲಿ ರಜೆಗೆ ಮಂಗಳೂರಿಗೆ ಹೊರಟಾಗ ಡಬ್ಬಿಗಳನ್ನು ತೆಗೆದು ಹೊರಗಿಟ್ಟು, ಸಿಲಿಕಾ ಪೊಟ್ಟಣಗಳನ್ನು ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ ಒಳಗಿಟ್ಟೆ. ಪೊಟ್ಟಣದ ಮೇಲೆ ಪೆನ್ನಿನಲ್ಲಿ ಬರೆದಿದ್ದೇನೆ: ಸೆಪ್ಟೆಂಬರ್ ಕೊನೆಗೆ ಹೊರಗೆ.